ಹತ್ತು ಅಂಕಿಯ ವಿಳಾಸ

ಕೆಲವು ಸಂಗತಿಗಳನ್ನು ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು ಹೇಳಬೇಕು. ರಾಕೆಟ್ ದಳದ ನಕ್ಷೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಳಕೆಯಲ್ಲಿದ್ದ ಒಂದು ಮುದ್ರಿತ ನಮೂನೆಯಲ್ಲಿ, ಸ್ಥಳದ ಅಂಕಿ ಬರೆಯಲು ಆರು ಚೌಕಗಳಿದ್ದ ಕಡೆ, ಒಂದು ಸೋಮವಾರ ಬೆಳಿಗ್ಗೆ ಹತ್ತು ಚೌಕಗಳು ಕಾಣಿಸಿಕೊಂಡವು. ಎರಡು ಯುದ್ಧ, ಏಳು ಮಂತ್ರಿಗಳು ಮತ್ತು ಒಂದು ಗೆದ್ದಲು ಹುತ್ತ ಬಂದು ಹೋದರೂ ಅಲುಗದೆ ಉಳಿದಿದ್ದ ನಮೂನೆ ಅದು.

ಹೆಚ್ಚಾದ ಆ ನಾಲ್ಕು ಚೌಕಗಳನ್ನು ಮೊದಲು ನೋಡಿದವನು ಅಡಿಕೋಲು. ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಉದ್ದಕ್ಕೆ, ತೆಳ್ಳಗೆ, ಅಂಚಿನಲ್ಲಿ ಸ್ವಲ್ಪ ಸವೆದಂತೆ ಇದ್ದ ಅವನು ಆ ಕೋಣೆಯ ನಕ್ಷೆ ಗುಮಾಸ್ತ.

"ಆರು ಅಂಕಿ ಅಂದ್ರೆ ನೂರು ಮೀಟರ್ ಚೌಕ. ಅದರಲ್ಲಿ ಎಲ್ಲಿ ಬೇಕಾದ್ರೂ ಬೀಳಬಹುದು," ಎಂದು ವಿವರಿಸಿದಳು ಇಂಜಿನಿಯರಮ್ಮ. ಹೊಸ ಯಂತ್ರವನ್ನು ಕೂರಿಸಲು ಕಂಪನಿಯಿಂದ ಬಂದಿದ್ದ ಹುಡುಗಿ. ಎಲ್ಲರಿಗಿಂತ ಚಿಕ್ಕವಳು, ಎಲ್ಲರೂ ಹೆದರುತ್ತಿದ್ದುದು ಅವಳಿಗೇ. "ಹತ್ತು ಅಂಕಿ ಅಂದ್ರೆ ಒಂದು ಮೀಟರ್. ಹೊಸ ರಾಕೆಟ್ಟಿಗೆ ಅಷ್ಟು ಬೇಕು. ಕಿಟಕಿ ಅಂದ್ರೆ ಕಿಟಕಿಗೇ ಹೋಗುತ್ತೆ."

"ಹಳೇದು?" ಎಂದ ಸ್ಟೋರ್ ಕೀಪರ್, ಎಲ್ಲ ಗೊತ್ತಿದ್ದೂ.

"ಹಳೇದು ಊರಿಗೆ ಬರೆದ ಪತ್ರ ಇದ್ದ ಹಾಗೆ. ಹೊಸದು ಬಾಗಿಲು ನಂಬರ್ ಹಾಕಿ ಬರೆದ ಪತ್ರ."

ಹಳೆಯ ಪದ್ಧತಿಯಲ್ಲಿ ನದಿಯ ದಡದಲ್ಲಿ ಕೂತ ವೀಕ್ಷಕ ಫೋನಿನಲ್ಲಿ ಕೂಗಬೇಕಿತ್ತು, ಫೋನಿನವನು ಬರೆದುಕೊಳ್ಳಬೇಕಿತ್ತು, ಅಡಿಕೋಲು ನಕ್ಷೆ ಬಿಡಿಸಿ ಕೋನ ಅಳೆಯಬೇಕಿತ್ತು, ಮೇಜರ್ ಕನ್ನಡಕ ಹುಡುಕಿ ರುಜು ಹಾಕಬೇಕಿತ್ತು. ನಲವತ್ತು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಗುರಿಯಲ್ಲಿದ್ದವರು ಊಟ ಮುಗಿಸಿ, ಪಾತ್ರೆ ತೊಳೆದು, ಬೇರೆ ಕಡೆ ಹೋಗಿಬಿಟ್ಟಿರುತ್ತಿದ್ದರು. ಆ ನಲವತ್ತು ನಿಮಿಷಗಳಲ್ಲಿ ಎಷ್ಟು ಜೀವ ಉಳಿದವೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಯಂತ್ರಗಳನ್ನೆಲ್ಲ ಬೆಸೆದ ಹೊಸ ಜಾಲದಲ್ಲಿ ಆಕಾಶದಲ್ಲಿರುವುದು ನೋಡುತ್ತದೆ, ಕೋಣೆಯಲ್ಲಿರುವುದು ನಿರ್ಧರಿಸುತ್ತದೆ, ಲಾರಿಯ ಮೇಲಿರುವುದು ಹಾರುತ್ತದೆ. ನಲವತ್ತು ಸೆಕೆಂಡು. ನಡುವೆ ಕನ್ನಡಕ ಹುಡುಕುವವರು ಯಾರೂ ಇಲ್ಲ.

ಜಾಲಕ್ಕೆ ಎರಡು ಪಟ್ಟಿ ಬೇಕಿತ್ತು. ಒಂದು, ಮುಟ್ಟಬೇಕಾದ ಜಾಗಗಳದು. ಅದನ್ನು ಮೇಲಿನವರು ನೋಡಿಕೊಳ್ಳುತ್ತಾರೆ. ಇನ್ನೊಂದು, ಮುಟ್ಟಬಾರದ ಜಾಗಗಳದು: ಶಾಲೆ, ಆಸ್ಪತ್ರೆ, ಗ್ರಂಥಾಲಯ, ಸ್ಮಶಾನ ಇತ್ಯಾದಿ. ಇದು ಅಡಿಕೋಲಿನ ಜವಾಬ್ದಾರಿ. ಹಳೆಯ ಕಾರ್ಡುಗಳಿಂದ ಹೊಸ ನಮೂನೆಗೆ ಇಳಿಸಿ ಆ ದಿನ ಸಂಜೆ ಐದಕ್ಕೆ ಮುಗಿಸಬೇಕು. ಐದು ಹೊಡೆದರೆ ಪಟ್ಟಿ ಮುಚ್ಚುತ್ತದೆ. ಮತ್ತೆ ತೆರೆಯುವುದು ಮುಂದಿನ ವರ್ಷ ಇದೇ ದಿನ.

ಪಟ್ಟಿಗೆ ಒಂದು ಮರ್ಯಾದೆಯೂ ಇತ್ತು. 'ನಿಮ್ಮ ಕಡೆಯ ಇಂತಿಂಥ ಜಾಗಗಳನ್ನು ನಾವು ಮುಟ್ಟುವುದಿಲ್ಲ' ಎಂದು ಅದರ ಪ್ರತಿಯನ್ನು ವರ್ಷಕ್ಕೊಮ್ಮೆ ಸೇತುವೆಯ ನಡುವೆ ಆಚೆದಡದವರಿಗೆ ಕೊಡಬೇಕು. ಅವರೂ ತಮ್ಮದನ್ನು ಕೊಡುತ್ತಾರೆ. ಅದರಲ್ಲಿ ಶಾಲೆ ಎಂದು ಬರೆದದ್ದು ಶಾಲೆಯಲ್ಲದಿದ್ದರೆ 'ಅದು ಶಾಲೆಯಲ್ಲ' ಎಂದು ನಿಜ ಹೇಳಿ ಉತ್ತರ ಬರೆಯಬೇಕೆಂಬುದು ಒಪ್ಪಂದ. ಯಾರೂ ಶಾಲೆಯ ಮರೆಯಲ್ಲಿ ಮದ್ದುಗುಂಡು ಇಡಬಾರದಲ್ಲ, ಅದಕ್ಕೆ. ಆ ಉತ್ತರ ಹೋಗಲು ಮಾಮೂಲಾಗಿ ಹನ್ನೊಂದು ತಿಂಗಳು ಹಿಡಿಯುತ್ತಿತ್ತು. ಆದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆಚೆಯವರ ಈ ವರ್ಷದ ಲಕೋಟೆ ಬೆಳಿಗ್ಗೆಯೇ ಬಂದು, ಅರಗಿನ ಮುದ್ರೆಯೊಂದಿಗೆ ಮೇಜರ್ ಮೇಜಿನ ಮೇಲೆ ಮಲಗಿತ್ತು.

ಅಡಿಕೋಲು ಆ ನಾಲ್ಕು ಖಾಲಿ ಚೌಕಗಳನ್ನು ನೋಡುತ್ತ ಕೂತ. ಅವನಿಗೆ ಅಕ್ಕ ನೆನಪಾದಳು.

ಅಕ್ಕ ಇದ್ದದ್ದು ಆಚೆದಡದಲ್ಲಿ. ಅವಳನ್ನು ಮದುವೆ ಮಾಡಿ ಕೊಟ್ಟಾಗ ಅದು ಆಚೆದಡ ಅಷ್ಟೇ. ಸೇತುವೆಯ ಮೇಲೆ ಹತ್ತು ನಿಮಿಷದ ನಡಿಗೆ. ಹತ್ತೊಂಬತ್ತು ವರ್ಷದ ಹಿಂದೆ ನದಿಯ ನಡುವೆ ಯಾರೋ ಗೆರೆ ಎಳೆದರು. ನೀರಿನ ಮೇಲೆ ಗೆರೆ ನಿಲ್ಲುವುದಿಲ್ಲ ಎನ್ನುತ್ತಾರೆ. ಇದು ನಿಂತಿತು. ಪತ್ರಗಳೂ ನಿಂತವು. ಕೊನೆಯದರಲ್ಲಿ ಅಕ್ಕ, 'ಇಲ್ಲಿ ಅಳತೆ ಕಚೇರಿಯಲ್ಲಿ ಕೆಲಸ ಸಿಕ್ಕಿದೆ ಕಣೋ, ನಿನಗಿಂತ ಚೆನ್ನಾಗಿ ಕೂಡ್ತೀನಿ ಅಂತ ಇವರಿಗೂ ಗೊತ್ತಾಗಿದೆ' ಎಂದು ಬರೆದಿದ್ದಳು. ಆಮೇಲೆ ಬದುಕಿದ್ದಾಳೋ ಇಲ್ಲವೋ ತಿಳಿಯದು.

ಆರು ಅಂಕಿಯ ಕಾಲದಲ್ಲಿ ಅಡಿಕೋಲಿಗೆ ಒಂದು ಸಮಾಧಾನವಿತ್ತು: ನೂರು ಮೀಟರಿನಲ್ಲಿ ಅಕ್ಕ ಎಲ್ಲಾದರೂ ಸರಿದುಕೊಳ್ಳಬಹುದು. ಕಿಟಕಿ ಹುಡುಕಿಕೊಂಡು ಹೋಗುವ ರಾಕೆಟ್ಟಿನಿಂದ ಎಲ್ಲಿಗೆ ಸರಿಯುತ್ತಾಳೆ?

ಅವನು ಡ್ರಾಯರ್ ಎಳೆದು ಅಪ್ಪನ ಹಳೆಯ ಅಳತೆ ಪುಸ್ತಕ ತೆಗೆದ.

ಅಪ್ಪ ಸರ್ವೇಯರ್. ಪ್ರಪಂಚದಲ್ಲಿ ಅಳೆಯದೆ ಬಿಟ್ಟದ್ದು ಕಳೆದುಹೋಗುತ್ತದೆ ಎಂದು ನಂಬಿದ್ದವರು. ತಮ್ಮ ಮನೆಯ ಹೊಸ್ತಿಲ ಕಲ್ಲಿನಲ್ಲಿ ಉಳಿಯಿಂದ ಒಂದು ಗುರುತು ಕೊರೆದು, ಆ ಗುರುತಿನ ಹತ್ತು ಅಂಕಿಗಳನ್ನು ಇಬ್ಬರು ಮಕ್ಕಳಿಗೂ ಮಗ್ಗಿಗಿಂತ ಮೊದಲು ಬಾಯಿಪಾಠ ಮಾಡಿಸಿದ್ದರು: ನಾಲ್ಕು ಏಳು ಒಂದು ಸೊನ್ನೆ ಮೂರು, ಎಂಟು ಎರಡು ಆರು ಆರು ಐದು. 'ಎಲ್ಲೇ ಹೋದರೂ ಮನೆ ಎಲ್ಲಿದೆ ಅಂತ ಗೊತ್ತಿರಬೇಕು.' ಮಗಳನ್ನು ಗಂಡನ ಮನೆ ತುಂಬಿಸುವ ದಿನವಂತೂ ಜರಿ ಪಂಚೆ ಉಟ್ಟುಕೊಂಡೇ ಸೇತುವೆಯ ಆಚೆ ತುದಿಯ ಕಲ್ಲುಕಂಬದಿಂದ ಅವಳ ಹೊಸ ಮನೆಯ ಬಾಗಿಲವರೆಗೆ ಅಳತೆಯ ಸರಪಳಿ ಎಳೆದಿದ್ದರು. ಇನ್ನೊಂದು ತುದಿ ಹಿಡಿದಿದ್ದವನು ಹನ್ನೆರಡು ವರ್ಷದ ಅಡಿಕೋಲು. ದಾರಿಯುದ್ದಕ್ಕೂ ಎಡಬಲದ ಪ್ರತಿ ಬಾಗಿಲನ್ನೂ ಬರೆದುಕೊಂಡಿದ್ದರು: 'ಬಲಕ್ಕೆ ನೀಲಿ ಬಾಗಿಲು. ಎಡಕ್ಕೆ ದರ್ಜಿ. ಬಲಕ್ಕೆ ಕುಂಟು ಗೇಟು.' ಬೀಗರು ಬೆವೆತರು, ಊಟ ತಣಿಯಿತು, ಮದುಮಗಳು ಸೆರಗು ಬಾಯಿಗೆ ಹಿಡಿದು ನಕ್ಕಳು.

ಮೂವತ್ನಾಲ್ಕು ವರ್ಷದ ಮೇಲೆ ಆ ಹುಚ್ಚು ಉಪಯೋಗಕ್ಕೆ ಬಂತು. ಅಡಿಕೋಲು ಕೂಡಿದ, ಕಳೆದ, ಹತ್ತು ಚೌಕ ತುಂಬಿದ. ಮುಂದಿನ ಕಾಲಮ್ಮು: ಯಾವ ಬಗೆಯ ಜಾಗ? 'ನಮ್ಮಕ್ಕನ ಮನೆ' ಎಂಬ ಬಗೆ ಅದರಲ್ಲಿರಲಿಲ್ಲ. ಚಿಕ್ಕಂದಿನಲ್ಲಿ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅಕ್ಕ ಶಾಲೆ ನಡೆಸುತ್ತಿದ್ದಳು. ಮೇಷ್ಟ್ರು ಅವಳೊಬ್ಬಳೇ, ವಿದ್ಯಾರ್ಥಿ ಇವನೊಬ್ಬನೇ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಆದಷ್ಟು ನಿಜಕ್ಕೆ ಹತ್ತಿರ ಇರಲೆಂದು ಬರೆದ: ಏಕೋಪಾಧ್ಯಾಯ ಶಾಲೆ. ವಿದ್ಯಾರ್ಥಿಗಳ ಸಂಖ್ಯೆ: ಒಂದು.

ನಮೂನೆಗಳನ್ನು ಯಂತ್ರಕ್ಕೆ ಊಡಿಸುವವರು ಟೈಪಿಸ್ಟ್ ಮೇಡಂ.

"ಇದ್ಯಾವ ಶಾಲೆ ರೀ? ಒಬ್ಬ ಹುಡುಗನಿಗೆ ಒಂದು ಶಾಲೆ? ಯಾರು, ರಾಜಕುಮಾರನಾ?"

ಅಡಿಕೋಲಿನ ಕಿವಿ ಕೆಂಪಾಯಿತು. ಎರಡು ನಿಮಿಷ ತಡೆದ. ಆಮೇಲೆ ಎಲ್ಲ ಹೇಳಿಬಿಟ್ಟ. ಮೇಡಂ ಕಣ್ಣೊರೆಸಿಕೊಂಡು, "ಪ್ರಾಣ ಹೋದ್ರೂ ಯಾರಿಗೂ ಹೇಳಲ್ಲ" ಎಂದರು. ಅವರಿಗೆ ಗುಟ್ಟು ಹೇಳುವುದೆಂದರೆ ಜರಡಿಗೆ ನೀರು ತುಂಬಿಸಿದಂತೆ ಎಂಬುದು ಇಲಾಖೆಗೇ ಗೊತ್ತಿದ್ದ ವಿಷಯ. ಆದರೆ ಈ ಸಲ ಜರಡಿಗೂ ಒಂದು ಆಸೆ ಇತ್ತು.

"ಒಂದು ಮಾತು. ಅದೇ ಬೀದೀಲಿ ನನ್ನ ಗೆಳತಿ ಇದ್ದಾಳೆ. ದರ್ಜಿ ಮನೆ ಪಕ್ಕ. ನಾನೂ ಅವಳೂ ಒಂದೇ ಛತ್ರೀಲಿ ಐದು ವರ್ಷ ಕಾಲೇಜಿಗೆ ಹೋದ್ವಿ. ನಿಮ್ಮಪ್ಪ ದರ್ಜಿ ಬಾಗಿಲು ಬರ್ಕೊಂಡಿದ್ದಾರಾ?"

"ಬರ್ಕೊಂಡಿದ್ದಾರೆ."

"ಹಾಗಾದ್ರೆ ಅವಳ ಮನೇನ ಆಸ್ಪತ್ರೆ ಮಾಡಿ. ಅವಳಿಗೆ ಸದಾ ಏನಾದ್ರೂ ಕಾಯಿಲೆ."

ಹನ್ನೊಂದಕ್ಕೆ ಸ್ಟೋರ್ ಕೀಪರ್ ಬಂದ. "ಏನಯ್ಯಾ ಅಡಿಕೋಲು, ಶಾಲೆ ತೆಗೀತಿದ್ದೀಯಂತೆ? ನಮ್ಮ ದೊಡ್ಡಪ್ಪನ ಮಗ ಇದ್ದಾನೆ, ಕುಂಟು ಗೇಟಿನ ಮನೆ."

"ನೀವು ಅವನ ಜೊತೆ ಮಾತು ಬಿಟ್ಟಿದ್ದೀರಲ್ಲಣ್ಣ?"

"ಬಿಟ್ಟಿದ್ದೀನಿ. ಗಡಿ ಮುಚ್ಚೋಕೆ ಎಂಟು ವರ್ಷ ಮುಂಚೇನೇ ಬಿಟ್ಟೆ. ಯಾರು ಮೊದಲು ಮಾತಾಡ್ಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಅಷ್ಟರಲ್ಲಿ ರಾಕೆಟ್ಟು ಮಾತಾಡಿಬಿಟ್ರೆ ಹೇಗೆ? ಶಾಲೆ ಅಂತ ಬರಿ. ಹೈಸ್ಕೂಲು. ನಮ್ಮದು ಸಣ್ಣ ಮನೆತನ ಅಲ್ಲ."

ಊಟದ ಹೊತ್ತಿಗೆ ಡ್ರೈವರ್ ಬಂದು ಬಾಗಿಲಲ್ಲೇ ನಿಂತ. ಆರಡಿ ಆಳು, ಟೋಪಿಯನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದ.

"ನನ್ನ ಹೆಂಡ್ತಿ..." ಎಂದ.

"ಬಿಟ್ಟು ಹೋದವಳಾ?" ಎಂದರು ಮೇಡಂ.

"ಅವಳೇ. ನೀಲಿ ಬಾಗಿಲಿಂದ ಮೂರನೇದು, ಅವಳ ತವರು. ಗ್ರಂಥಾಲಯ ಅಂತ ಹಾಕಿ ಸಾರ್."

"ಅವರಿಗೆ ಓದೋಕೆ ಬರುತ್ತಾ?" ಎಂದ ಅಡಿಕೋಲು. ಅವನಿಗೆ ನಿಜಕ್ಕೆ ಹತ್ತಿರ ಇರಬೇಕಿತ್ತು.

"ಬರಲ್ಲ. ಆದ್ರೆ ನಾನು ಬರೆದ ಪತ್ರ ಎಲ್ಲ ಇಟ್ಕೊಂಡಿದ್ಳು. ಯಾರ ಹತ್ರಾನೂ ಓದಿಸಲಿಲ್ಲ. ಸುಮ್ನೆ ಇಟ್ಕೊಂಡಿದ್ಳು."

ಗ್ರಂಥಾಲಯ ಎಂದು ಬರೆಯಲಾಯಿತು.

ಆಮೇಲೆ ಅಡುಗೆ ಮನೆಯವರು, ಕ್ಷೌರಿಕ, ಪಹರೆಯ ಇಬ್ಬರು, ಎಂದೂ ಯಾರೊಂದಿಗೂ ಮಾತಾಡದ ಲೆಕ್ಕಪತ್ರದ ಮುದುಕ ಎಲ್ಲರೂ ಬಂದರು. ನದಿಗೆ ಎರಡು ದಡವಿದ್ದರೂ ಊರು ಒಂದೇ ಆಗಿತ್ತು. ಎಲ್ಲರದೂ ಆ ಬೀದಿಯಲ್ಲೇ ಏನಾದರೂ ಒಂದು ಉಳಿದಿತ್ತು. ಅಪ್ಪನ ಪುಸ್ತಕದಲ್ಲಿ ಪ್ರತಿ ಬಾಗಿಲಿಗೂ ಅಂಕಿ ಇತ್ತು. ಅಡಿಕೋಲು ಬೆವರು ಸುರಿಸಿ ಕೂಡಿದ. ಜೀವಮಾನದಲ್ಲಿ ಅಷ್ಟು ಜನ ಅವನನ್ನು 'ದೇವರಂಥವನು' ಎಂದಿರಲಿಲ್ಲ. ದೇವರ ಹಾಗೆಯೇ ಅವನೂ ಮುಂದೇನಾಗುತ್ತದೆಂದು ಯೋಚಿಸಲಿಲ್ಲ.

ಮೂರೂವರೆಗೆ ಇಂಜಿನಿಯರಮ್ಮ ಪರದೆಯ ಮುಂದೆ ಹುಬ್ಬು ಗಂಟು ಹಾಕಿ ಅಡಿಕೋಲಿನ ಕಡೆ ತಿರುಗಿದಳು.

"ಈ ಬೀದೀಲಿ ಹನ್ನೊಂದು ಶಾಲೆ, ಒಂಬತ್ತು ಆಸ್ಪತ್ರೆ, ನಾಲ್ಕು ಗ್ರಂಥಾಲಯ ಇದೆ ಸರ್. ಮನೆ ಒಂದೂ ಇಲ್ಲ. ಇವರೆಲ್ಲ ಓದಿ, ಕಾಯಿಲೆ ಬಿದ್ದು, ಮಲಗೋದೆಲ್ಲಿ?"

"ಬಹಳ ಮುಂದುವರಿದ ಬೀದಿ ಅಮ್ಮಾ," ಎಂದ ಸ್ಟೋರ್ ಕೀಪರ್.

"ಹೌದಾ? ಜಾಲ ಹಾಗೆ ಅಂದ್ಕೊಂಡಿಲ್ಲ."

ಜಾಲ ಎಂದರೆ ಜಾಲ. ಈ ಕೋಣೆಯಲ್ಲಿ ಬೆರಳು ಒತ್ತಿದ್ದು ಅದೇ ಗಳಿಗೆಯಲ್ಲಿ ಮುನ್ನೂರು ಮೈಲಿ ದೂರದ ಪ್ರಧಾನ ಕಚೇರಿಯಲ್ಲಿ ಕಾಣುತ್ತದೆ. ಅಡಿಕೋಲಿನ ಕಾಲದಲ್ಲಿ ತಪ್ಪು ಮೇಲಕ್ಕೆ ಹೋಗಲು ಮೂರು ವಾರವಾಗುತ್ತಿತ್ತು, ಅಷ್ಟರಲ್ಲಿ ರಬ್ಬರು ಸಿಗುತ್ತಿತ್ತು. ನಾಲ್ಕೂವರೆಗೆ ಮೇಜರ್ ಬಂದರು, ಕೈಯಲ್ಲಿ ಒಂದು ಕಾಗದ. ನಿವೃತ್ತಿಗೆ ಆರು ತಿಂಗಳಿದ್ದ, ಕೂಗಿ ಕೂಗಿ ದಣಿದು ಈಗ ಮೆಲ್ಲಗೆ ಮಾತಾಡುತ್ತಿದ್ದ ಮನುಷ್ಯ.

"ಪ್ರಧಾನ ಕಚೇರಿ ಅಭಿನಂದನೆ ಕಳಿಸಿದೆ," ಎಂದರು. "ಇಷ್ಟೊಂದು ಶಾಲೆ ಆಸ್ಪತ್ರೆ ಒಂದೇ ಬೀದಿಯಲ್ಲಿ ಇರೋಕೆ ಸಾಧ್ಯವೇ ಇಲ್ಲ, ಇದು ಶತ್ರು ತನ್ನ ಮುಖ್ಯ ಠಾಣೆಯನ್ನ ಮುಚ್ಚಿಡೋಕೆ ಹೂಡಿರೋ ನಾಟಕ, ಅದನ್ನ ಒಂದು ಮೀಟರೂ ತಪ್ಪದ ಹಾಗೆ ಪತ್ತೆ ಮಾಡಿದ ನಕ್ಷೆ ಕೋಣೆಗೆ ಶಭಾಷ್ ಅಂತೆ. ಇಡೀ ಬೀದಿ ಈಗ ಇನ್ನೊಂದು ಪಟ್ಟಿಯಲ್ಲಿದೆ."

ಮೇಡಂ ಯಂತ್ರದಿಂದ ಕೈ ತೆಗೆದರು.

"ಸರ್," ಎಂದ ಅಡಿಕೋಲು. "ಸರ್, ಅದು ನಮ್ಮಕ್ಕನ ಮನೆ. ನಾನೇ ಬರೆದೆ. ಠಾಣೆ ಗೀಣೆ ಏನೂ ಇಲ್ಲ ಸರ್. ದರ್ಜಿ ಇದ್ದಾನೆ, ಅಷ್ಟೇ. ಶಿಕ್ಷೆ ಕೊಡಿ, ಕೆಲಸದಿಂದ ತೆಗೀರಿ. ಅದನ್ನ ಅಳಿಸಿಬಿಡಿ."

ಮೇಜರ್ ಕಾಗದವನ್ನು ಮೇಜಿನ ಮೇಲಿಟ್ಟರು. "ನಾನು ನಂಬ್ತೀನಯ್ಯಾ," ಎಂದು ಇಂಜಿನಿಯರಮ್ಮನ ಕಡೆ ತಿರುಗಿದರು. "ಅಳಿಸಮ್ಮ."

"ಅಳಿಸೋಕೆ ಆಗಲ್ಲ ಸರ್. ಇದರಲ್ಲಿ ಅಳಿಸೋದು ಅಂತಾನೇ ಇಲ್ಲ. ಹತ್ತು ಅಂಕಿ ಇರೋ ಜಾಗ ಈ ಪಟ್ಟಿಯಲ್ಲಿ ಇರಬೇಕು, ಇಲ್ಲ ಆ ಪಟ್ಟಿಯಲ್ಲಿ ಇರಬೇಕು. ಎರಡರಲ್ಲೂ ಇಲ್ದೇ ಇರಬೇಕು ಅಂದ್ರೆ ಅಂಕಿನೇ ಇರಬಾರದಿತ್ತು."

"ನಿನ್ನೆ ತನಕ ಇರಲಿಲ್ಲವಾ?"

"ಇರಲಿಲ್ಲ ಸರ್. ನಿನ್ನೆ ತನಕ ಆ ಬೀದಿ ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ."

ಅಡಿಕೋಲು ಅಪ್ಪನ ಪುಸ್ತಕವನ್ನು ಮುಚ್ಚಿದ, ಆಗ ಮುಚ್ಚಿದರೆ ಏನಾದರೂ ಆಗುತ್ತದೆ ಎನ್ನುವಂತೆ.

ಮೇಜರ್ ಪ್ರಧಾನ ಕಚೇರಿಗೆ ಫೋನು ಮಾಡಿದರು. 'ಮನವಿಯನ್ನು ಪಟ್ಟಿ ಮತ್ತೆ ತೆರೆದಾಗ ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು. ಫೋನಿಟ್ಟು, ಯಾರನ್ನೂ ನೋಡದೆ ಕೇಳಿದರು: "ಆ ನೀಲಿ ಬಾಗಿಲಿನ ಮನೆ... ಅದೂ ಇದೆಯಾ ಇದರಲ್ಲಿ?"

"ಇದೆ ಸರ್. ನೀವ್ಯಾಕೆ..."

"ಏನಿಲ್ಲ."

ಐದಕ್ಕೆ ಹತ್ತು ನಿಮಿಷ ಇತ್ತು. ಏನಾದರೂ ಮಾಡಬೇಕೆಂದು ಮೇಜರ್ ಆಚೆಯವರ ಲಕೋಟೆಯ ಅರಗು ಒಡೆದರು. ಹಾಳೆಗಳನ್ನು ಒಂದೊಂದಾಗಿ ಇಂಜಿನಿಯರಮ್ಮ ಯಂತ್ರಕ್ಕೆ ತೋರಿಸಿ ವಾಪಸು ಕೊಟ್ಟಳು. ಮೇಜರ್ ಗಟ್ಟಿಯಾಗಿ ಓದತೊಡಗಿದರು. ಇಷ್ಟು ವರ್ಷ ಬಂದ ದಿನವೇ ಅದನ್ನು ಯಾರೂ ಓದಿದ್ದೇ ಇಲ್ಲ. ಜಿಲ್ಲಾ ಆಸ್ಪತ್ರೆ, ನೀರಿನ ಟ್ಯಾಂಕು, ಹೆಣ್ಣುಮಕ್ಕಳ ಶಾಲೆ.

"ಸ್ಮಶಾನ. ಬಸ್ ಡಿಪೋ ಹಿಂದೆ, ಎರಡನೇ ಅಡ್ಡರಸ್ತೆ, ಮೂಲೆ." ಮೇಜರ್ ತಲೆ ಎತ್ತಿದರು. "ಅಲ್ಲೆಲ್ಲಿದೆ ಸ್ಮಶಾನ?"

"ಅದು ನನ್ನ ಮನೆ ಸಾರ್," ಎಂದ ಡ್ರೈವರ್. ಅವನ ಮುಖ ನಿಧಾನಕ್ಕೆ ಅರಳಿತು. "ಅವಳೇ ಬರೆಸಿರೋದು. ಸ್ಮಶಾನ ಅಂತಾದ್ರೂ ನೆನಪಿಟ್ಕೊಂಡಿದ್ದಾಳಲ್ಲ!"

ಮೇಜರ್ ಮುಂದಿನ ಸಾಲಿಗೆ ಬಂದರು. "ಏಕೋಪಾಧ್ಯಾಯ ಶಾಲೆ. ವಿದ್ಯಾರ್ಥಿಗಳ ಸಂಖ್ಯೆ: ಒಂದು. ಷರಾ: ಲೆಕ್ಕದಲ್ಲಿ ಬಹಳ ಹಿಂದೆ, ನಡತೆ ಒಳ್ಳೆಯದು. ಸ್ಥಳ: ನಾಲ್ಕು, ಏಳು, ಒಂದು..."

"ಸೊನ್ನೆ, ಮೂರು," ಎಂದ ಅಡಿಕೋಲು. "ಎಂಟು, ಎರಡು, ಆರು, ಆರು, ಐದು."

ಮೇಜರ್ ಹಾಳೆಯನ್ನೂ ಅವನನ್ನೂ ನೋಡಿದರು. ಒಂದಂಕಿಯೂ ತಪ್ಪಿರಲಿಲ್ಲ.

"ಅಕ್ಕ ಬದುಕಿದ್ದಾಳೆ," ಎಂದ ಅವನು. ನಕ್ಕ. ಹತ್ತೊಂಬತ್ತು ವರ್ಷದಲ್ಲಿ ಅವನು ಹಲ್ಲು ಬಿಟ್ಟು ನಕ್ಕದ್ದನ್ನು ಅಲ್ಲಿದ್ದ ಯಾರೂ ನೋಡಿರಲಿಲ್ಲ. "ಅವಳೇ ಅಲ್ಲಿ ಪಟ್ಟಿ ಬರೀತಾಳೆ. ನನ್ನ ಕೆಲಸಾನೇ ಮಾಡ್ತಾಳೆ. ನೋಡಿ ಮೇಡಂ, ಲೆಕ್ಕದಲ್ಲಿ ಹಿಂದೆ ಅಂತೆ!"

ಮೇಡಂ ಅತ್ತರು. ಸ್ಟೋರ್ ಕೀಪರ್ ಕಿಟಕಿಯ ಕಡೆ ತಿರುಗಿ, "ಧೂಳು ಜಾಸ್ತಿ ಇಲ್ಲಿ" ಎಂದ.

ಮೇಜರ್ ಹಾಳೆಯನ್ನು ಮಡಿಸಿದರು. "ಒಪ್ಪಂದದ ಪ್ರಕಾರ, ಅಲ್ಲಿ ಶಾಲೆ ಇಲ್ಲ ಅಂತ ನಾನು ಉತ್ತರ ಬರೀಬೇಕು," ಎಂದರು. "ಬರೆಯಲ್ಲ. ಮೂವತ್ತು ವರ್ಷ ಎಲ್ಲಾ ನಿಜಾನೇ ಬರೆದಿದ್ದೀನಿ. ಆ ಶಾಲೆ ಇರಲಿ. ಸ್ಮಶಾನಾನೂ ಇರಲಿ. ಯಾರಿಗಾದ್ರೂ ಆಕ್ಷೇಪ ಇದೆಯಾ?"

ಬೆಳಿಗ್ಗೆಯಿಂದ ಒಂದು ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಹೋದ ಆ ಕೋಣೆ ಮೊದಲ ಸಲ ಒಕ್ಕೊರಲಿನಿಂದ ಸುಮ್ಮನಿತ್ತು.

ಇಂಜಿನಿಯರಮ್ಮ ಮಾತ್ರ ಪರದೆಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಂದು ಮೊದಲ ಬಾರಿಗೆ ಅವಳ ವಯಸ್ಸು ಕಾಣಿಸಿತು.

"ಸರ್... ಉತ್ತರ ಹೋಗಿದೆ."

"ಯಾರು ಬರೆದ್ರು?"

"ಯಾರೂ ಇಲ್ಲ ಸರ್. ನಾನು ಹಾಳೆ ತೋರಿಸಿದ ಕೂಡ್ಲೇ ಜಾಲ ಶಿಕ್ಷಣ ಇಲಾಖೆ ಪಟ್ಟಿ ನೋಡಿದೆ, ನಗರಸಭೆ ಪಟ್ಟಿ ನೋಡಿದೆ. 'ಅಲ್ಲಿ ಶಾಲೆ ಇಲ್ಲ, ಸ್ಮಶಾನ ಇಲ್ಲ' ಅಂತ ಆಚೆಗೆ ಕಳಿಸಿದೆ. ಹನ್ನೊಂದು ತಿಂಗಳು ತಡ ಆಗುತ್ತೆ ಅಂತ ದೂರಿತ್ತಲ್ಲ ಸರ್, ಅದನ್ನ ಸರಿ ಮಾಡಿದ್ವಿ."

"ಆಚೆಯವರು ಅದನ್ನ ಓದೋಕೆ..." ಎಂದರು ಮೇಡಂ, ಆಸೆಯಿಂದ. "ಅಲ್ಲಿ ಅಕ್ಕ ಇದ್ದಾರಲ್ಲ. ಅವರು ಬೇರೆ ಏನಾದ್ರೂ..."

"ಅಲ್ಲೂ ಓದೋರು ಯಾರೂ ಇಲ್ಲ ಮೇಡಂ. ಹೋದ ವಾರ ಅವರಿಗೂ ಹೊಸ ಯಂತ್ರ ಬಂತು." ಅವಳು ತಲೆ ತಗ್ಗಿಸಿದಳು. "ನಮ್ಮ ಕಂಪನಿಯದೇ. ಅದರಲ್ಲೂ ಅಳಿಸೋದು ಇಲ್ಲ."

ಡ್ರೈವರ್ ಟೋಪಿ ಹಾಕಿಕೊಂಡು, "ಯಾರಿಗಾದ್ರೂ ಮನೆ ಕಡೆ ಡ್ರಾಪ್ ಬೇಕಾ?" ಎಂದ. ಯಾರೂ ಬೇಕೆನ್ನಲಿಲ್ಲ.

ಅಡಿಕೋಲು ನಡೆದೇ ಹೋದ. ಹೊಸ್ತಿಲ ಬಳಿ ಕೂತು, ಅಪ್ಪ ಕೊರೆದ ಗುರುತಿನ ಮೇಲಿನ ಮಣ್ಣನ್ನು ಬೆರಳಿನಿಂದ ಒರೆಸಿದ. ಗುರುತು ಇದ್ದಲ್ಲೇ ಇತ್ತು.

ಪಟ್ಟಿಗಳು ಆ ಸಂಜೆ ಐದು ಗಂಟೆಗೆ ಮುಚ್ಚಿದವು. ಅಕ್ಕನ ಮನೆ ಈಚೆಯವರ ಮುಟ್ಟಬೇಕಾದ ಜಾಗಗಳ ಪಟ್ಟಿಯಲ್ಲಿ ನೂರ ಹನ್ನೆರಡನೆಯದು. ತಮ್ಮನ ಮನೆ ಆಚೆಯವರ ಪಟ್ಟಿಯಲ್ಲಿ ಎಷ್ಟನೆಯದೆಂದು ತಿಳಿದುಬಂದಿಲ್ಲ.